ತೆಗೆಯೋಕೆ ಬರಲ್ಲ

ಮಗಳ ಚಳಿ ಉಡುಪಿನ ಜಿಪ್ಪು ಹೊಟ್ಟೆಯ ಹತ್ತಿರ ಸಿಕ್ಕಿಕೊಂಡು ಮೇಲಕ್ಕೂ ಏರದೆ ಕೆಳಕ್ಕೂ ಇಳಿಯದೆ ನಿಂತಿತು. ಬಾಗಿಲ ಬಳಿ ಮಂಡಿಯೂರಿ ಕೂತು ಅದನ್ನು ಎಳೆಯುತ್ತಿದ್ದ ನೀರಜಾಳಿಗೆ, ಇದು ಹೀಗೇ ಸಿಕ್ಕಿಕೊಂಡಿರಲಿ, ತಾನು ಇಲ್ಲೇ ಒದ್ದೆ ಬೂಟುಗಳ ವಾಸನೆಯಲ್ಲಿ ಸಂಜೆಯವರೆಗೂ ಕೂತಿರಬಹುದು ಎನ್ನಿಸಿತು. ಆರಾಧ್ಯಾ ಬಟ್ಟೆಯ ಮೊಲವನ್ನು ಕಂಕುಳಲ್ಲಿ ಅವುಚಿಕೊಂಡು ನಿಂತಿದ್ದಳು. "ಮೊಲ ಇಲ್ಲೇ ಇರ್ಲಿ ಪುಟ್ಟಾ. ದಾಗಿಸ್‌ಗೆ ಆಟದ ಸಾಮಾನು ತಗೊಂಡು ಹೋಗೋಕೆ ಬರಲ್ಲ" ಎಂದಳು ನೀರಜಾ, ಶಿಶುವಿಹಾರಕ್ಕೆ ಹೊರಟ ಮಗಳಿಗೆ. ಮಗು ತಕ್ಷಣ, "ಫೋರ್ ಇಂತೆ, ಎಲ್ಲೆರ್ ಕಾನ್ ಇಂತೆ?" ಎಂದು ಕೇಳಿತು. ಅಪ್ಪಣೆ ಇಲ್ಲವೋ, ಇಲ್ಲಾ ಕೈಲಾಗುವುದಿಲ್ಲವೋ? ಸ್ವೀಡಿಷ್‌ನಲ್ಲಿ ಅವು ಬೇರೆ ಬೇರೆ ಮಾತುಗಳು. ಕನ್ನಡದ 'ಬರಲ್ಲ' ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತದೆ ಎಂಬುದನ್ನು ಮಗುವಿಗೆ ಕಲಿಸಿದವರು ಮಾಲತಿ ಆಂಟಿ. ಶನಿವಾರದ ಕನ್ನಡ ಪಾಠದಲ್ಲಿ ಅವರು ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು, 'ನಂಗೆ ಈಜೋಕೆ ಬರಲ್ಲ ಅಂದ್ರೆ ಗೊತ್ತಿಲ್ಲ ಅಂತ. ಈ ಕೆರೇಲಿ ಈಜೋಕೆ ಬರಲ್ಲ ಅಂದ್ರೆ ಬಿಡಲ್ಲ ಅಂತ. ನಾನು ಬರಲ್ಲ ಹೋಗು ಅಂದ್ರೆ ಮನಸ್ಸಿಲ್ಲ ಅಂತ. ಯಾರಾದ್ರೂ ಬರಲ್ಲ ಅಂದ್ರೆ ಯಾವ್ದು ಅಂತ ಕೇಳ್ಕೋಬೇಕು ಮಕ್ಳೇ' ಎಂದಿದ್ದರಂತೆ. ಅಂದಿನಿಂದ ಆರಾಧ್ಯಾ ಕೇಳುತ್ತಲೇ ಇದ್ದಾಳೆ. "ಫೋರ್ ಇಂತೆ" ಎಂದು ನೀರಜಾ ಉತ್ತರ ಕೊಟ್ಟಳು, ಅಪ್ಪಣೆ ಇಲ್ಲ. ಮಗು ಒಪ್ಪಿಕೊಂಡು ಮೊಲವನ್ನು ಬೂಟುಗಳ ಪಕ್ಕ ಕೂರಿಸಿತು. ಅಪ್ಪಣೆ ಇಲ್ಲ ಎಂಬ ಒಂದು ಮಾತಿಗೆ ಇಷ್ಟು ಶಾಂತಿ ಇದೆಯೇ ಎಂದು ನೀರಜಾ ಆ ಮೊಲದ ಮುಖ ನೋಡುತ್ತ ಇದ್ದಳು.

ಅಡುಗೆಮನೆಯಿಂದ ಗಂಡ ಸಂಕೇತ್ ಕಾಫಿ ಕಪ್ಪು ಹಿಡಿದುಕೊಂಡು ಬಂದ. "ಆಲ್ ದ ಬೆಸ್ಟ್ ಕಣೇ. ಜಾಸ್ತಿ ಯೋಚ್ನೆ ಮಾಡ್ಬೇಡ, ಐದು ವರ್ಷದಿಂದ ಅದನ್ನೇ ರುಬ್ತಾ ಇದೀಯ, ನಿನಗಿಂತ ಜಾಸ್ತಿ ಯಾರಿಗೆ ಗೊತ್ತಿರತ್ತೆ" ಎಂದ. ಆಮೇಲೆ ಕಪ್ಪಿನೊಳಗೆ ನೋಡುತ್ತ, "ಧೀರಜ್ ಕೂಡ ವಿಶ್ ಮಾಡಿದಾರೆ, ಗ್ರೂಪಲ್ಲಿ. ನೋಡ್ದ್ಯಾ?" ಎಂದ. ನೀರಜಾ ನೋಡಿರಲಿಲ್ಲ. ಮಗಳನ್ನು ದಾಗಿಸ್‌ನಲ್ಲಿ ಬಿಟ್ಟು, ಟ್ರಾಮ್ ಹತ್ತಿ, ಕಿಟಕಿಯ ಪಕ್ಕ ಕೂತ ಮೇಲೆ ನೋಡಿದಳು. 'ನಮ್ಮ ಕೂಟದ ಹೆಮ್ಮೆ ನೀರಜಾ ಅವರಿಗೆ ಇವತ್ತಿನ ಅಂತಿಮ ಸೆಮಿನಾರಿಗೆ ಶುಭವಾಗಲಿ' ಎಂದು ಕನ್ನಡ ಕೂಟದ ಅಧ್ಯಕ್ಷ ಧೀರಜ್ ವಾಟ್ಸಾಪ್ ಗುಂಪಿನಲ್ಲಿ ಬರೆದಿದ್ದರು, ಕೆಳಗೆ ಹೂಗುಚ್ಛಗಳ ಸಾಲು. ಬೆರಳು ತಾನಾಗಿ ಮೇಲಕ್ಕೆ ಜಾರಿತು. ಹಬ್ಬದ ಫೋಟೋಗಳು, ಯಾರೋ ಮಾರಲಿಟ್ಟ ಮಕ್ಕಳ ಸೈಕಲ್ಲು, ಬಾಡಿಗೆಗೆ ಮನೆ ಕೇಳಿದವರು, ಅದೆಲ್ಲದರ ಮೇಲೆ ಬೂದು ಬಣ್ಣದ ಆ ಸಣ್ಣ ಸಾಲು ಇನ್ನೂ ಇತ್ತು: ಧೀರಜ್ ಅವರು ಮಾಲತಿ ಅವರನ್ನು ತೆಗೆದುಹಾಕಿದ್ದಾರೆ. ಅದಕ್ಕೆ ಹೂಗುಚ್ಛ ಇರಲಿಲ್ಲ, ಯಾರೂ ಏನೂ ಬರೆದಿರಲಿಲ್ಲ. ಆ ಮೌನದ ಮೇಲೆಯೇ ಸೈಕಲ್ಲಿನವರು ಬಂದು ಸೈಕಲ್ಲು ಮಾರಿ ಹೋಗಿದ್ದರು.

ತೆಗೆದುಹಾಕುವುದು. ಐದು ವರ್ಷಗಳಿಂದ ನೀರಜಾ ಯೋಚಿಸುತ್ತಿದ್ದದ್ದು ಈ ಒಂದು ಕ್ರಿಯಾಪದವನ್ನು. ಧಾರವಾಡದಲ್ಲಿ ಕಾನೂನು ಓದಿ, ಗೋಥೆನ್‌ಬರ್ಗಿಗೆ ಸಂಶೋಧನೆಗೆ ಬಂದು, ಈ ಎರಡೂ ಊರಿಗೆ ಸಂಬಂಧವೇ ಇಲ್ಲದ ಮೂರನೆಯ ದೇಶದ ಸಂವಿಧಾನವನ್ನು ಹಿಡಿದು ಕೂತಿದ್ದಳು. ಅಮೆರಿಕದ ಅಧ್ಯಕ್ಷರು ತಾವು ನೇಮಿಸಿದವರನ್ನು ಯಾವಾಗ ಬೇಕಾದರೂ ತೆಗೆಯಬಹುದೇ? ಸಂವಿಧಾನದಲ್ಲಿ ನೇಮಿಸುವ ಮಾತಿದೆ, ಮಹಾಭಿಯೋಗದ ಮಾತಿದೆ, ಸುಮ್ಮನೆ ತೆಗೆಯುವ ಮಾತು ಇಲ್ಲ. ಈ ಇಲ್ಲ ಎಂಬುದರ ಮೇಲೆ ಆ ದೇಶದ ವಿದ್ವಾಂಸರು ಗ್ರಂಥಾಲಯದ ಕಪಾಟುಗಳಷ್ಟು ಬರೆದಿದ್ದರು. ಒಂದು ಪಂಗಡದವರ ಪ್ರಕಾರ, ಆಡಳಿತವನ್ನು ಒಬ್ಬನ ಕೈಗೆ ಕೊಟ್ಟ ಮೇಲೆ ತೆಗೆಯುವ ಅಧಿಕಾರವೂ ಅದರೊಳಗೇ ಬಂತು, ಬೇರೆ ಬರೆಯಬೇಕಿಲ್ಲ. ಇನ್ನೊಂದು ಪಂಗಡ ಹೇಳುವುದು, ಬರೆಯದೆ ಬಿಟ್ಟದ್ದು ಶಾಸನಸಭೆಗೆ ಬಿಟ್ಟದ್ದು. ಅದು ಆಯೋಗಗಳನ್ನು ಕಟ್ಟಿ, ಅವುಗಳ ಸದಸ್ಯರನ್ನು ಕಾರಣವಿಲ್ಲದೆ ತೆಗೆಯಕೂಡದು ಎಂದರೆ ತೆಗೆಯಕೂಡದು. ತೊಂಬತ್ತು ವರ್ಷಗಳ ಹಿಂದೆ ಹಾಗೆ ವಜಾ ಆದ ಆಯುಕ್ತನೊಬ್ಬ, ತಾನಿನ್ನೂ ಆಯುಕ್ತನೇ ಎಂದು ಸಾಧಿಸುತ್ತಲೇ ಸತ್ತುಹೋದ. ಅವನು ಸತ್ತ ಮೇಲೆ ಮೊಕದ್ದಮೆ ಗೆದ್ದಿತು. ಆ ತೀರ್ಪಿನ ಕಂಬಕ್ಕೆ ಒರಗಿ ನೀರಜಾಳ ಪ್ರಬಂಧ ನಿಂತಿತ್ತು. ಈಗ ವಾಷಿಂಗ್ಟನ್‌ನಿಂದ ಪ್ರತಿ ವಾರ ಬರುವ ಸುದ್ದಿಯಲ್ಲಿ ಆ ಕಂಬಕ್ಕೆ ಕೊಡಲಿ ಬೀಳುವ ಸದ್ದು. ಮೊದಮೊದಲು ಅವಳು ಅದನ್ನು ಅಡಿಟಿಪ್ಪಣಿಗಳಲ್ಲಿ ಸರಿಪಡಿಸುತ್ತ ಬಂದಳು. ಒಬ್ಬ ವೈದ್ಯ ತನ್ನ ರೋಗಿಯ ಉಸಿರನ್ನು ಬರೆದುಕೊಳ್ಳುತ್ತ ಬರೆದುಕೊಳ್ಳುತ್ತ ಯಾವುದೋ ಒಂದು ಹಂತದಲ್ಲಿ ತಾನು ಮರಣದ ಪತ್ರ ಬರೆಯುತ್ತಿದ್ದೇನೆಂದು ಕಾಣುವ ಹಾಗೆ, ಕೊನೆಯ ಅಧ್ಯಾಯಕ್ಕೆ ಬಂದಾಗ ಅವಳಿಗೆ ಕಂಡಿತು. ಆದರೂ ನಿಲ್ಲಿಸಲಿಲ್ಲ. ಆ ತೀರ್ಪನ್ನು ತಾನು ನಂಬಿದ್ದೇನೆ ಎಂದುಕೊಂಡಿದ್ದಳು, ಕಳೆದ ವಾರದವರೆಗೆ.

ಟ್ರಾಮ್ ಸೇತುವೆಯ ಮೇಲೆ ಹತ್ತಿದಾಗ ಕೆಳಗೆ ನದಿ ಸೀಸದ ಬಣ್ಣದಲ್ಲಿತ್ತು. ಎದುರಿನ ಸೀಟಿನ ಮುದುಕಿ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಅದರ ಎಳೆಗಳನ್ನು ಕೀಳುತ್ತಿದ್ದಳು. ಆ ಬೆರಳುಗಳು ಮಾಲತಿ ಆಂಟಿಯವಂತೆ ಕಂಡವು. ಮೂರು ವರ್ಷದ ಹಿಂದೆ ಅವರ ಮನೆಯ ಊಟದ ಮೇಜಿನ ಮೇಲೆ, ಹಪ್ಪಳದ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಕನ್ನಡ ಕೂಟದ ನಿಯಮಾವಳಿಯನ್ನು ಬರೆದವಳು ನೀರಜಾ. ಇಲ್ಲಿ ಸಂಘ ಎಂದರೆ ನಿಯಮಾವಳಿ ಬೇಕು, ವಾರ್ಷಿಕ ಸಭೆ ಬೇಕು, ಮುಂದಿನ ಪದಾಧಿಕಾರಿಗಳ ಹೆಸರು ಸೂಚಿಸಲು ಯಾರ ಮಾತೂ ಕೇಳದ ಒಂದು ಆಯ್ಕೆ ಸಮಿತಿ ಬೇಕು. 'ಆಯ್ಕೆ ಸಮಿತಿಯ ಸಂಚಾಲಕರನ್ನು ಅಧ್ಯಕ್ಷರು ನೇಮಿಸತಕ್ಕದ್ದು' ಎಂದು ನೀರಜಾ ಬರೆದಾಗ, ಮೈಸೂರಿನಿಂದ ಬಂದು ಮೂವತ್ತು ವರ್ಷಗಳಿಂದ ಇಲ್ಲಿಯ ಶಾಲೆಗಳಲ್ಲಿ ಮಕ್ಕಳಿಗೆ ತಾಯಿನುಡಿ ಕಲಿಸುತ್ತಿದ್ದ ಮಾಲತಿ ಆಂಟಿ, ಕನ್ನಡಕ ಹಣೆಗೇರಿಸಿ, "ತೆಗೆಯೋಕೆ ಬರಲ್ಲ ಅಂತಾನೂ ಒಂದು ಸಾಲು ಸೇರಿಸ್ಬಿಡೋಣ ಕಣೇ" ಎಂದಿದ್ದರು. ನೀರಜಾ ನಕ್ಕಿದ್ದಳು. "ಅದನ್ನೇನು ಬರೆಯೋದು ಆಂಟಿ! ತನ್ನನ್ನೇ ತೂಗಬೇಕಾದೋರನ್ನ ತಾನೇ ತೆಗೆಯೋಕೆ ಬರಲ್ಲ ಅಂತ ಯಾರಿಗೆ ಗೊತ್ತಿರಲ್ಲ? ಬರೆದ್ರೆ ನಮ್ಮ ಜನಕ್ಕೇ ಅವಮಾನ." ಮಾಲತಿ ಆಂಟಿ ಹಪ್ಪಳ ಮುರಿಯುತ್ತ, "ನೀನು ಓದಿದೋಳು, ನೀನು ಹೇಳಿದ್ಮೇಲೆ ಆಯ್ತು" ಎಂದಿದ್ದರು. ಹೀಗೆ ಆ ನಿಯಮಾವಳಿಯಲ್ಲಿ ಆ ಮೌನ ಹುಟ್ಟಿತು. ಇನ್ನೂರು ಮೂವತ್ತು ಚಿಲ್ಲರೆ ವರ್ಷಗಳ ಹಿಂದೆ ಸಂವಿಧಾನ ಬರೆದವರು ತಮ್ಮ ಮೌನದಲ್ಲಿ ಏನನ್ನು ಇಟ್ಟಿದ್ದರು ಎಂದು ಜಗತ್ತೇ ಜಗಳವಾಡುತ್ತಿರುವಾಗ, ಒಂದು ಮೌನದ ಅರ್ಥವನ್ನು ಖಚಿತವಾಗಿ ಬಲ್ಲವಳು, ಅದನ್ನು ಬರೆಯದೆ ಬಿಟ್ಟ ಕೈಯೇ ಆಗಿದ್ದವಳು, ಈ ಟ್ರಾಮಿನಲ್ಲಿ ಕೂತಿದ್ದಳು.

ಈ ವರ್ಷ ಆಯ್ಕೆ ಸಮಿತಿಯವರು ಮೂರನೆಯ ಸಲವೂ ಧೀರಜ್ ಅವರೇ ಅಧ್ಯಕ್ಷರಾಗುವುದು ಬೇಡ ಎಂದರು. ಅಂದರೆ ಅದರ ಸಂಚಾಲಕಿ ಮಾಲತಿ ಆಂಟಿ ಎಂದರು. ಅದಾದ ಮೇಲಿನ ಸಂಜೆ ಸಂಕೇತ್ ಆಫೀಸಿನಿಂದ ಬಂದು ಜಾಕೆಟ್ ಬಿಚ್ಚದೆ ಸೋಫಾದ ಅಂಚಿನಲ್ಲಿ ಕೂತಿದ್ದ. ಧೀರಜ್ ಅವನ ಆಫೀಸಿನಲ್ಲಿ ಮ್ಯಾನೇಜರ್. ಅವನ ಕಾಂಟ್ರಾಕ್ಟ್ ಮುಂದುವರಿಯುವುದು ಅವರ ಒಂದು ಮಾತಿನಿಂದ. ವಸಂತಕ್ಕೆ ನೀರಜಾಳ ಕೆಲಸ ಮುಗಿಯುತ್ತದೆ, ಆಮೇಲೆ ಮೂವರೂ ಈ ದೇಶದಲ್ಲಿ ಉಳಿಯುವುದು ಸಂಕೇತನ ಕೆಲಸದ ಪರ್ಮಿಟ್ಟಿನ ಮೇಲೆ. ಇದನ್ನೆಲ್ಲ ಅವನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. "ಬೈಲಾದಲ್ಲಿ ತೆಗೀಬಾರ್ದು ಅಂತ ಎಲ್ಲಾದ್ರೂ ಇದ್ಯಾ?" ಎಂದು ಕೇಳಿದ.

"ಇಲ್ಲ."

"ಹಾಗಾದ್ರೆ ಅಷ್ಟನ್ನೇ ಬರ್ದು ಕಳ್ಸು. ಧೀರಜ್ ಕೇಳಿದ್ದು ಅಷ್ಟೇ. ಸುಳ್ಳೇನಲ್ವಲ್ಲ."

"ಇಲ್ಲ ಅಂದ್ರೆ ತೆಗೀಬಹುದು ಅಂತಲ್ಲ ಸಂಕೇತ್. ನಾನು ಐದು ವರ್ಷದಿಂದ..."

"ಗೊತ್ತಮ್ಮಾ ಗೊತ್ತು. ಅದು ಅಮೆರಿಕಾ. ಇದು ಗಣೇಶನ ಹಬ್ಬ, ರಾಜ್ಯೋತ್ಸವ, ಬಿಸಿಬೇಳೆಬಾತ್ ಆರ್ಡರ್ ಮಾಡೋ ಗುಂಪು. ಇದಕ್ಕೂ ಸುಪ್ರೀಂ ಕೋರ್ಟ್ ತರ್ತೀಯಲ್ಲ!" ನಕ್ಕ. ಆ ನಗು ಬಾಯಿಯಿಂದ ಕಣ್ಣಿನವರೆಗೆ ಹತ್ತಲಿಲ್ಲ. "ನಾನೇನೂ ಫೋರ್ಸ್ ಮಾಡ್ತಿಲ್ಲ" ಎಂದು ಎದ್ದು ಹೋಗಿ ಮಗಳ ಪಕ್ಕ ಮಲಗಿ ಕಾರ್ಟೂನ್ ನೋಡತೊಡಗಿದ. ಅವನು ಫೋರ್ಸ್ ಮಾಡಿದ್ದರೆ ಎಷ್ಟು ಚೆನ್ನಾಗಿತ್ತು. ನೀರಜಾ ಎರಡೇ ವಾಕ್ಯ ಬರೆದಳು. ತೆಗೆಯುವ ವಿಷಯದಲ್ಲಿ ನಿಯಮಾವಳಿ ಮೌನವಾಗಿದೆ. ನೇಮಿಸುವ ಅಧಿಕಾರದಲ್ಲಿ ತೆಗೆಯುವ ಅಧಿಕಾರವೂ ಅಡಗಿದೆ ಎಂದು ಓದಲು ಅವಕಾಶವಿದೆ. ಓದಲು ಅವಕಾಶವಿದೆ: ಈ ಎರಡು ಪದಗಳನ್ನು ಸೇರಿಸಿದಾಗ ತಾನು ಒಂದು ಕಿಟಕಿ ತೆರೆದಿಟ್ಟಿದ್ದೇನೆ, ಬೇಕಾದರೆ ಅಲ್ಲಿಂದ ಹೊರಗೆ ಹಾರಬಹುದು ಎಂಬ ಸಮಾಧಾನ. ಪಂಡಿತರ ಅಭ್ಯಾಸ ಅದು. ಅವಳ ಪ್ರಬಂಧದ ಪುಟಪುಟದಲ್ಲೂ ಅಂಥ ಕಿಟಕಿಗಳಿದ್ದವು. ಮರುದಿನ ಗುಂಪಿನಲ್ಲಿ ಧೀರಜ್ ಬರೆದರು: 'ಕಾನೂನು ತಜ್ಞರ ಅಭಿಪ್ರಾಯ ಪಡೆದು, ಆಯ್ಕೆ ಸಮಿತಿಯ ಸಂಚಾಲಕರನ್ನು ಬದಲಾಯಿಸಲಾಗಿದೆ.' ಕಿಟಕಿ ಇರಲಿಲ್ಲ. ಅದರ ಕೆಳಗೇ ಆ ಬೂದು ಸಾಲು. ಸಂಚಾಲಕ ಸ್ಥಾನದಿಂದ ತೆಗೆದರೆ ಸಾಕಿತ್ತು, ಗುಂಪಿನಿಂದಲೇ ತೆಗೆದಿದ್ದರು. ಶನಿವಾರದ ಪಾಠದ ಸೂಚನೆಗಳು ಬರುತ್ತಿದ್ದದ್ದೂ ಅದೇ ಗುಂಪಿನಲ್ಲಿ. ಕಳೆದ ಶನಿವಾರ ಪಾಠ ನಡೆಯಲಿಲ್ಲ. ಆರಾಧ್ಯಾ ಬಳಪದ ಡಬ್ಬಿ ಹಿಡಿದು ಕಾದು, ಆಮೇಲೆ ಅದರ ಬಳಪಗಳಿಗೆ ಹಾಸಿಗೆ ಮಾಡಿ ಮಲಗಿಸಿದಳು.

ಸೆಮಿನಾರಿನ ಕೋಣೆ ಬಿಸಿಯಾಗಿತ್ತು, ಮರದ ನೆಲಕ್ಕೆ ಸಾಬೂನಿನ ವಾಸನೆ. ಪ್ರಬಂಧವನ್ನು ಓದಿ ಪರೀಕ್ಷಿಸಲು ಅಮೆರಿಕದಿಂದ ಬಂದಿದ್ದ ಪ್ರೊಫೆಸರ್ ವಿಟ್‌ಕಾಂಬ್ ಎತ್ತರದ, ಬಗ್ಗಿದ ಬೆನ್ನಿನ ಮನುಷ್ಯ. ಹಸ್ತಪ್ರತಿಯ ತುಂಬ ಹಳದಿ ಚೀಟಿಗಳು ನಾಲಿಗೆ ಚಾಚಿದ್ದವು. ನೀರಜಾಳ ಮಾರ್ಗದರ್ಶಿ ಗುನಿಲ್ಲಾ ಕಾಫಿಯ ಫ್ಲಾಸ್ಕನ್ನು ಮೇಜಿನ ನಡುವಿಗೆ ಸರಿಸಿ ಎಲ್ಲರನ್ನೂ ಸ್ವಾಗತಿಸುತ್ತಿದ್ದಾಗ ಬಾಗಿಲು ಮೆಲ್ಲಗೆ ತೆರೆದು ಮಾಲತಿ ಆಂಟಿ ಒಳಗೆ ಬಂದರು. ರೇಷ್ಮೆ ಸೀರೆಯ ಮೇಲೆ ದಪ್ಪ ಕೋಟು, ಕಾಲಿಗೆ ಹಿಮದ ಬೂಟು, ಕೈಯಲ್ಲಿ ದೊಡ್ಡ ಸ್ಟೀಲಿನ ಡಬ್ಬಿ. ತಿಂಗಳ ಹಿಂದೆ ನೀರಜಾಳೇ ಕರೆದಿದ್ದಳು, ಇದು ಯಾರು ಬೇಕಾದರೂ ಬಂದು ಕೂರಬಹುದಾದ ಸೆಮಿನಾರು, ಬನ್ನಿ ಆಂಟಿ ಎಂದು. ಮರೆತಿರುತ್ತಾರೆ ಅಂದುಕೊಂಡಿದ್ದಳು. ಮರೆತಿರಲಿ ಎಂದು ಬೇಡಿಕೊಂಡಿದ್ದಳು. ಮಾಲತಿ ಆಂಟಿ ಕೊನೆಯ ಸಾಲಿನಲ್ಲಿ ಕೂತು, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಮಗಳ ನೃತ್ಯ ನೋಡಲು ಬಂದವರ ಹಾಗೆ ಕತ್ತು ಉದ್ದ ಮಾಡಿ ನಕ್ಕರು. ಅವರಿಗೆ ಗೊತ್ತಿಲ್ಲ ಎಂದುಕೊಂಡಳು ನೀರಜಾ. ಧೀರಜ್ ತಜ್ಞರು ಎಂದಷ್ಟೇ ಬರೆದಿದ್ದಾರೆ, ಹೆಸರಿಲ್ಲ. ಗೊತ್ತಿದ್ದರೆ ಬರುತ್ತಿರಲಿಲ್ಲ. ಗೊತ್ತಿದ್ದೂ ಡಬ್ಬಿ ತುಂಬಿಕೊಂಡು ಯಾರು ಬರುತ್ತಾರೆ? ಈ ಯೋಚನೆ ಎದೆಯನ್ನು ಹಗುರ ಮಾಡಿದ್ದೇ ತಡ, ಹಾಗೆ ಹಗುರಾದದ್ದಕ್ಕೆ ಅವಳಿಗೆ ನಾಚಿಕೆಯಾಯಿತು.

ಮಾತು ಎಲ್ಲ ಕಡೆಯಿಂದ ಸುತ್ತಿಕೊಂಡು ನಾಲ್ಕನೆಯ ಅಧ್ಯಾಯಕ್ಕೆ ಬಂತು. ಅದರ ಹೆಸರು 'ಮೌನ'. ವಿಟ್‌ಕಾಂಬ್ ಕನ್ನಡಕ ಒರೆಸಿಕೊಂಡು, ಬರೆಯದೆ ಬಿಟ್ಟದ್ದರೊಳಗೆ ಯಾವ ನಿಷೇಧವೂ ಇಲ್ಲ ಎನ್ನುವವರಿಗೆ ನಿಮ್ಮ ಉತ್ತರವೇನು ಎಂದು ಕೇಳಿದರು. ನೀರಜಾಳಿಗೆ ಉತ್ತರ ಗೊತ್ತಿತ್ತು, ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದಳು. ಆದರೆ ಬಾಯಿಗೆ ಬಂದದ್ದು ಬೇರೆ. ನಮ್ಮ ಮನೆಯಲ್ಲಿ ಮಂಗಳವಾರ ಉಗುರು ತೆಗೆಯುವಂತಿರಲಿಲ್ಲ ಎಂದಳು. ಎಲ್ಲಿ ಬರೆದಿದೆ ಎಂದು ನಾನು ಚಿಕ್ಕವಳಿದ್ದಾಗ ಅಮ್ಮನನ್ನು ಕೇಳಿದೆ. ಎಲ್ಲೂ ಬರೆದಿಲ್ಲ, ಆದರೆ ಬರುವುದಿಲ್ಲ ಎಂದಳು. ನೀವು ನಮ್ಮ ಮನೆಯ ದಾಖಲೆಗಳನ್ನೆಲ್ಲ ಹುಡುಕಿದರೂ ಉಗುರಿನ ಬಗ್ಗೆ ಒಂದು ಅಕ್ಷರ ಸಿಗುವುದಿಲ್ಲ. ಅದರಿಂದ ನಾವು ಮಂಗಳವಾರ ಉಗುರು ತೆಗೆಯುತ್ತಿದ್ದೆವು ಎಂದು ಚರಿತ್ರೆ ಬರೆದರೆ ಅದು ನಮ್ಮ ಮನೆಯ ಚರಿತ್ರೆಯಾಗುವುದಿಲ್ಲ. ಕೋಣೆ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಮಾಲತಿ ಆಂಟಿ. ಅವರ ನಗುವಿನಲ್ಲಿ ಡಬ್ಬಿಯ ಮುಚ್ಚಳ ಕಿಣಿಕಿಣಿ ಎಂದಿತು. ನೀರಜಾಳ ಕಿವಿಯಲ್ಲಿ ಅಮ್ಮನ ನಿಜವಾದ ದನಿ ಇತ್ತು: ಎಲ್ಲೂ ಬರದಿಲ್ಲ, ಬರಂಗಿಲ್ಲ ಅಂದ್ರ ಬರಂಗಿಲ್ಲ. ಬೆಂಗಳೂರಿನವರ ನಡುವೆ ಇದ್ದು ಇದ್ದು ಆ ಬರಂಗಿಲ್ಲವನ್ನು ಅವಳು ಬರಲ್ಲ ಎಂದು ಸಾಣೆ ಹಿಡಿದಿದ್ದಳು. ಸಾಣೆ ಹಿಡಿದಾಗ ಏನು ಉದುರಿಹೋಯಿತೋ.

ವಿಟ್‌ಕಾಂಬ್ ನಗು ಮುಗಿಸಿ ಮುಂದಕ್ಕೆ ಬಾಗಿದರು. "ಬಹಳ ಚೆನ್ನಾಗಿದೆ. ಹಾಗಾದರೆ ಒಂದು ಆಟ ಆಡೋಣ. ಸಂವಿಧಾನ ಬರೆದವರಲ್ಲಿ ಒಬ್ಬರು ಇನ್ನೂ ಬದುಕಿದ್ದಾರೆ. ಈ ಕೋಣೆಗೇ ಕರೆಸಿದ್ದೇವೆ. ನೀವು ಇದನ್ನು ಬರೆಯದೆ ಬಿಟ್ಟಾಗ ನಿಮ್ಮ ಮನಸ್ಸಿನಲ್ಲಿ ಏನಿತ್ತು ಎಂದು ಕೇಳುತ್ತೇವೆ. ಅವರ ಉತ್ತರಕ್ಕೆ ನಾವು ಬದ್ಧರಾಗಬೇಕೆ?"

ಯಾರದೋ ಕಪ್ಪು ತಟ್ಟೆಗೆ ತಗುಲಿತು. ಕೋಣೆಯನ್ನು ಬಿಸಿಮಾಡುವ ಕೊಳವೆಯೊಳಗೆ ನೀರು ಹರಿದ ಸದ್ದು. ನೀರಜಾ ಕೊನೆಯ ಸಾಲಿನ ಕಡೆ ನೋಡಬಾರದು ಎಂದುಕೊಂಡಳು, ನೋಡಿದಳು. ಮಾಲತಿ ಆಂಟಿ ಉತ್ತರಕ್ಕೆ ಕಾಯುತ್ತಿದ್ದರು, ಒಳ್ಳೆಯ ಟೀಚರಮ್ಮ ಮಗುವಿನ ಬಾಯಿ ನೋಡುವ ಹಾಗೆ, ಬರುತ್ತದೆ, ನಿನಗೆ ಬರುತ್ತದೆ ಎಂಬಂತೆ. "ಬರೆದವರನ್ನು ಕೇಳಬಾರದು," ಎಂದಳು ನೀರಜಾ. "ಅವರಷ್ಟು ಕೆಟ್ಟ ಸಾಕ್ಷಿ ಇನ್ನೊಬ್ಬರಿಲ್ಲ. ಯಾವತ್ತು ಕೇಳುತ್ತೀರೋ ಆವತ್ತಿಗೆ ಬೇಕಾದದ್ದನ್ನು ಅವರು ನೆನಪಿಸಿಕೊಳ್ಳುತ್ತಾರೆ. ಅವರು ಯಾರ ಉಪ್ಪು ತಿನ್ನುತ್ತಿದ್ದಾರೆ ಎಂದು ಮೊದಲು ನೋಡಬೇಕು." ವಿಟ್‌ಕಾಂಬ್ ಸಂತೋಷದಿಂದ ಕುರ್ಚಿಗೆ ಒರಗಿದರು. "ಬರೆದವರ ಮೇಲೆ ನಿಮಗೆ ಇಷ್ಟು ನಿಷ್ಕರುಣೆ ಬೇಡ. ಆದರೆ ಈ ಅಧ್ಯಾಯವನ್ನು ನೀವು ಆ ಕೋಣೆಯಲ್ಲಿ ಅವರ ಜೊತೆ ಕೂತಿದ್ದವರ ಹಾಗೆ ಬರೆದಿದ್ದೀರಿ. ಅದನ್ನು ಯಾರೂ ನಿಮಗೆ ಕಲಿಸಲಾರರು." ಗುನಿಲ್ಲಾ, ಯಾರನ್ನೂ ಹೊಗಳದ ಗುನಿಲ್ಲಾ, ಮೇಜಿನ ಕೆಳಗೆ ನೀರಜಾಳ ಮೊಣಕೈಯನ್ನು ಒತ್ತಿದಳು. ವಸಂತದಲ್ಲಿ ಪ್ರಬಂಧ ಒಪ್ಪಿಸಬಹುದು ಎಂದಾಯಿತು. ಕೊನೆಯಲ್ಲಿ ವಿಟ್‌ಕಾಂಬ್ ಹಸ್ತಪ್ರತಿ ಮುಚ್ಚುತ್ತ, ವಸಂತದ ಹೊತ್ತಿಗೆ ನಮ್ಮ ನ್ಯಾಯಾಲಯ ಏನು ಮಾಡಿರುತ್ತದೋ ಗೊತ್ತಿಲ್ಲ, 'ಇದೆ' ಎಂದು ಬರೆದಿರುವ ಕಡೆಯೆಲ್ಲ 'ಇತ್ತು' ಎಂದು ತಿದ್ದಬೇಕಾಗಬಹುದು, ಅದೊಂದಕ್ಕೆ ಸಿದ್ಧರಾಗಿರಿ ಎಂದರು. ಎಲ್ಲರೂ ಮತ್ತೆ ನಕ್ಕರು, ಈ ಸಲ ಕಡಿಮೆ.

ಫೀಕಾದ, ಎಂದರೆ ಕಾಫಿ-ತಿಂಡಿಯ, ಹೊತ್ತಿಗೆ ಮಾಲತಿ ಆಂಟಿ ಡಬ್ಬಿ ತೆರೆದರು. ಚಕ್ಕುಲಿ. ಸ್ವೀಡನ್ನಿನ ಪ್ರೊಫೆಸರುಗಳು ಅದರ ಸುರುಳಿಯನ್ನು ಎಲ್ಲಿಂದ ಕಚ್ಚಬೇಕೆಂದು ತಿಳಿಯದೆ ಬೆರಳಿಗೆ ಉಂಗುರದಂತೆ ಹಿಡಿದುಕೊಂಡು ನಿಂತರು. ಮಾಲತಿ ಆಂಟಿ ಅವರಿಗೆಲ್ಲ ಸ್ವೀಡಿಷ್‌ನಲ್ಲಿ ಅಕ್ಕಿಹಿಟ್ಟು ಉದ್ದಿನಹಿಟ್ಟು ವಿವರಿಸುತ್ತ, ನಡುವೆ ನೀರಜಾಳ ಗಲ್ಲ ಸವರಿ, "ದೃಷ್ಟಿ ತೆಗೀಬೇಕು ನಿಂಗೆ" ಎಂದರು. ಡಬ್ಬಿ ಖಾಲಿಯಾಯಿತು. ನೀರಜಾ ಅದನ್ನು ತಾನೇ ಎತ್ತಿಕೊಂಡಳು. ತೊಳೆದು, ಏನಾದರೂ ತುಂಬಿ ವಾಪಸು ಕೊಡಬೇಕು, ಡಬ್ಬಿಯನ್ನು ಬರಿದು ಮಾಡಿ ಹಿಂದಿರುಗಿಸಬಾರದು. ಇದೂ ಎಲ್ಲೂ ಬರೆದಿರಲಿಲ್ಲ. ಈ ಡಬ್ಬಿ ಈ ಐದು ವರ್ಷಗಳಲ್ಲಿ ಅವರಿಬ್ಬರ ಮನೆಗಳ ನಡುವೆ ಎಷ್ಟೋ ಸಲ ಓಡಾಡಿತ್ತು, ಹೋಳಿಗೆಯಾಗಿ ಹೋಗಿ ಶೇಂಗಾ ಉಂಡೆಯಾಗಿ ಬಂದಿತ್ತು, ಆರಾಧ್ಯಾಳಿಗೆ ದಾಗಿಸ್‌ನಲ್ಲಿ ಜಾಗ ಸಿಗುವವರೆಗೆ ಮಗುವಿನ ಜೊತೆಗೇ ಬೆಳಿಗ್ಗೆ ಹೋಗಿ ಸಂಜೆ ಬಂದಿತ್ತು.

"ಪುಟ್ಟೀನ ನಾನೂ ನೋಡಿ ತುಂಬ ದಿನ ಆಯ್ತು, ದಾಗಿಸ್‌ವರೆಗೂ ಬರ್ತೀನಿ ನಡಿ" ಎಂದು ಮಾಲತಿ ಆಂಟಿ ಜೊತೆಗೇ ಹೊರಟರು. ಟ್ರಾಮಿನಲ್ಲಿ ಮೊಮ್ಮಗನ ಹಲ್ಲು, ಮಂಡಿನೋವು, ಅಂಗಡಿಯಲ್ಲಿ ಸಿಕ್ಕ ಕರಿಬೇವು. ಕೂಟದ ಸುದ್ದಿ ಎತ್ತಲಿಲ್ಲ. ಪ್ರತಿ ನಿಲ್ದಾಣದಲ್ಲೂ ನೀರಜಾ, ಮುಂದಿನ ನಿಲ್ದಾಣ ದಾಟಿದ ಮೇಲೆ ಹೇಳುತ್ತೇನೆ ಎಂದುಕೊಂಡಳು. ಹೊರಗೆ ಬೆಳಕು ಆಗಲೇ ಇಳಿಯುತ್ತಿತ್ತು. ದಾಗಿಸ್‌ನ ಬೇಲಿಯ ಹಿಂದಿನಿಂದ ಆರಾಧ್ಯಾ ಮಾಲತಿ ಅಜ್ಜಿಯನ್ನು ಕಂಡು ಓಡಿಬಂದು ಆ ದಪ್ಪ ಕೋಟನ್ನು ತಬ್ಬಿಕೊಂಡಳು. ಮೂವರೂ ನಿಲ್ದಾಣಕ್ಕೆ ಬಂದು ಗಾಜಿನ ಗೂಡಿನಲ್ಲಿ ನಿಂತರು. ಮಾಲತಿ ಆಂಟಿಯ ಮನೆಯ ದಿಕ್ಕಿನ ಟ್ರಾಮ್ ಬರುವುದಿತ್ತು.

"ನೀನು ಆ ಪ್ರೊಫೆಸರ್‌ಗೆ ಹೇಳಿದ್ಯಲ್ಲ, ಉಗುರಿನ ವಿಷಯ," ಎಂದರು ಮಾಲತಿ ಆಂಟಿ, ಮಗುವಿನ ಟೋಪಿ ಸರಿಮಾಡುತ್ತ. "ಇಂಗ್ಲಿಷು ಅಷ್ಟೂ ತಿಳೀಲಿಲ್ಲ ನಂಗೆ. ಅದು ತಿಳೀತು. ನಾವೂ ಅವತ್ತು ಹಾಗೇ ತಾನೇ ಬಿಟ್ಟಿದ್ದು? ಹಪ್ಪಳ ತಿಂತಾ."

"ಹೂಂ ಆಂಟಿ."

"ವಾರ್ಷಿಕ ಸಭೆ ಬರ್ತಾ ಇದೆ. ನಂಗೆ ಆ ಸ್ಥಾನ ಬೇಡ ಕಣೇ, ಇಟ್ಕೊಳ್ಲಿ. ಮಕ್ಕಳ ಪಾಠ ನಿಲ್ಲಿಸ್ಬಿಟ್ರಲ್ಲ, ಅದು. ಅವತ್ತು ನಾವಿಬ್ರೂ 'ತೆಗೆಯೋಕೆ ಬರಲ್ಲ' ಅಂದ್ಕೊಂಡೇ ಬರೀದೆ ಬಿಟ್ವಿ ಅಂತ ನೀನೊಂದು ನಾಲ್ಕು ಸಾಲು ಬರ್ಕೊಡು. ಬರೆದೋಳು ನೀನೇ ಅಲ್ವಾ? ಸಭೇಲಿ ನಾನೇ ಓದ್ತೀನಿ."

ನೀರಜಾಳ ಕಣ್ಣ ಮುಂದೆ ಸೋಫಾದ ಅಂಚಿನಲ್ಲಿ ಜಾಕೆಟ್ ಬಿಚ್ಚದೆ ಕೂತ ಸಂಕೇತ್ ಬಂದ. ಅವನ ಹಿಂದೆ ಈ ಟ್ರಾಮು, ಈ ನದಿ, ಬೂಟುಗಳ ಪಕ್ಕ ಕೂತ ಮೊಲ, ವಸಂತ. ನಾಲ್ಕು ಸಾಲು. ಕೋಣೆ ತುಂಬ ಜನರ ಮುಂದೆ ಇಷ್ಟು ಹೊತ್ತು ಅದನ್ನೇ ಹೇಳಿದ್ದಳು, ಚಪ್ಪಾಳೆಯೊಂದು ಬಾಕಿ. "ಧೀರಜ್ ಅವರು ಯಾವ್ದೋ ತಜ್ಞರ ಅಭಿಪ್ರಾಯ ತಗೊಂಡಿದಾರಂತಲ್ಲ ಆಂಟಿ" ಎಂದಳು. ತನ್ನ ದನಿ ತನಗೇ ದೂರದಿಂದ ಕೇಳಿತು.

ಮಾಲತಿ ಆಂಟಿ ಟೋಪಿಯಿಂದ ಕೈ ತೆಗೆಯಲಿಲ್ಲ. "ಈ ಊರಲ್ಲಿ ಕನ್ನಡದೋರಲ್ಲಿ ಕಾನೂನು ಓದಿದೋರು ಇನ್ಯಾರಿದಾರೆ ಹೇಳು" ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ತಪ್ಪು ಉಚ್ಚಾರವನ್ನು ತಿದ್ದುವಾಗಿನ ದನಿ ಅದು. "ಅದಕ್ಕೇ ನಿನ್ನನ್ನೇ ಕೇಳ್ತಿರೋದು. ಒಂದ್ಸಲ ಹಾಗೆ ಬರೆದೋಳು ಹೀಗೂ ಬರೀಬಹುದಲ್ವಾ. ಬರ್ಕೊಡ್ತೀಯಾ?"

ಗೊತ್ತಿತ್ತು. ಡಬ್ಬಿ ತುಂಬುವಾಗ ಗೊತ್ತಿತ್ತು, ಚಕ್ಕುಲಿ ಒತ್ತುವಾಗ ಗೊತ್ತಿತ್ತು. ಕ್ಷಮಿಸಿ ಎಂಬ ಮಾತು ನೀರಜಾಳ ಬಾಯಿಯವರೆಗೂ ಬಂದು, ಅದು ಬಹಳ ಅಗ್ಗವೆಂದೋ ಬಹಳ ದುಬಾರಿಯೆಂದೋ ಅಲ್ಲೇ ನಿಂತಿತು. ಬಂದದ್ದು ಬೇರೆ, ವರ್ಷಗಳಿಂದ ಈ ಊರಿನಲ್ಲಿ ಯಾರ ಮುಂದೂ ಆಡದ ತನ್ನ ಊರಿನ ಮಾತು.

"ಬರಂಗಿಲ್ಲರೀ ಆಂಟಿ."

ಆರಾಧ್ಯಾ ಇಬ್ಬರ ಮುಖಗಳನ್ನೂ ಕೆಳಗಿನಿಂದ ನೋಡಿದಳು. ಧಾರವಾಡದ ಅಜ್ಜಿ ಫೋನಿನಲ್ಲಿ ಅನ್ನುವ ಮಾತು, ಅವಳಿಗೆ ಗೊತ್ತಿತ್ತು. "ಮಮ್ಮಾ," ಎಂದು ಅಮ್ಮನ ಕೋಟಿನ ತುದಿ ಎಳೆದಳು. "ಫೋರ್ ಇಂತೆ? ಕಾನ್ ಇಂತೆ?" ಸ್ವಲ್ಪ ತಡೆದು, ಮೂರನೆಯದು, ಮನಸ್ಸಿಲ್ಲ ಎಂಬುದು, ನೆನಪಾಗಿ, "ಎಲ್ಲೆರ್ ವಿಲ್ ಇಂತೆ?" ಎಂದಳು.

ಹಳಿಗಳು ಸಣ್ಣಗೆ ನಡುಗತೊಡಗಿದವು. ನೀರಜಾ ಬಾಯಿ ತೆರೆದಳು. ಕೈಲಾಗುವುದಿಲ್ಲ ಎಂದರೆ ಸುಳ್ಳು. ಮನಸ್ಸಿಲ್ಲ ಎಂದರೂ ಸುಳ್ಳು. ಎರಡೂ ಅಷ್ಟೇ ನಿಜವೂ ಹೌದು. ಮಗು ಕಾಯುತ್ತಿತ್ತು. ಮಾಲತಿ ಆಂಟಿ ಕಷ್ಟಪಟ್ಟು ಮಂಡಿ ಬಗ್ಗಿಸಿ ಮಗುವಿನ ಎತ್ತರಕ್ಕೆ ಇಳಿದರು.

"ಫೋರ್ ಇಂತೆ, ಪುಟ್ಟಿ," ಎಂದರು. "ಅಮ್ಮಂಗೆ ಅಪ್ಪಣೆ ಇಲ್ಲ."

ಮಗು ತಲೆಯಾಡಿಸಿತು, ಬೆಳಿಗ್ಗೆ ಮೊಲವನ್ನು ಬಿಟ್ಟಾಗಿನಷ್ಟೇ ಸಲೀಸಾಗಿ. ಟ್ರಾಮ್ ಬಂದು ನಿಂತಿತು. ಮಾಲತಿ ಆಂಟಿ ಎದ್ದು, ಕೋಟು ಕೊಡವಿಕೊಂಡು ಕೈ ಚಾಚಿದರು. "ಡಬ್ಬಿ ಕೊಡು."

"ತೊಳೆದು ಆಮೇಲೆ ಕೊಡ್ತೀನಿ ಆಂಟಿ. ಏನಾದ್ರೂ ಮಾಡಿ..."

"ಪರವಾಗಿಲ್ಲ. ಹಾಗೇ ಕೊಡು."

ನೀರಜಾ ಕೊಟ್ಟಳು. ಒಳಗೆ ಚಕ್ಕುಲಿಯ ಯಾವುದೋ ಮುರುಕು ಒಮ್ಮೆ ಉರುಳಿ ಸುಮ್ಮನಾಯಿತು. ಮಾಲತಿ ಆಂಟಿ ಮೆಟ್ಟಿಲು ಹತ್ತಿ, ಬೆಳಕಿನೊಳಗೆ, ಕಿಟಕಿಯ ಪಕ್ಕ ಜಾಗ ಇದ್ದರೂ ಆಚೆ ಬದಿಯ ಸೀಟಿನಲ್ಲಿ ಕೂತರು. ಅವರ ಬೆನ್ನು ಮತ್ತು ಜಡೆಯ ಗಂಟು ಮಾತ್ರ ಕಾಣುತ್ತಿತ್ತು. ಬಾಗಿಲು ಮುಚ್ಚಿತು. ಟ್ರಾಮ್ ತಿರುವಿನಲ್ಲಿ ಕಿರುಚಿ ಮರೆಯಾಗುವವರೆಗೂ ಆರಾಧ್ಯಾ ಕೈ ಬೀಸುತ್ತಿದ್ದಳು. ಆಮೇಲೆ ಅಮ್ಮನ ಖಾಲಿ ಕೈ ಹಿಡಿದುಕೊಂಡು, ಯಾವಾಗಲೂ ಅಮ್ಮನ ಜೊತೆ ಸ್ವೀಡಿಷ್‌ನಲ್ಲೇ ಮಾತಾಡುವ ಮಗು, ಅಂದು ಏಕೋ ಕನ್ನಡದಲ್ಲಿ ಕೇಳಿತು.

"ಅಜ್ಜಿ ಶನಿವಾರ ಬರ್ತಾರಾ?"

"ಬರಲ್ಲ" ಎಂದಳು ನೀರಜಾ.

ಯಾವುದು ಎಂದು ಈ ಸಲ ಆರಾಧ್ಯಾ ಕೇಳಲಿಲ್ಲ.